ಕ್ಯಾಮೆರಾಗೆ ಇಟ್ಟ ಕುಂಕುಮ

ಸುಮಲತಾ,

ಮುನಿರಾಜನ ಕಾರಿನ ಕ್ಯಾಮೆರಾದಲ್ಲಿದ್ದ ಮೆಮೊರಿ ಕಾರ್ಡನ್ನು ಪೊಲೀಸರಿಗೆ ಕೊಡಲು ಎಂಟರ ಬಸ್ಸಿಗೆ ಬಂಗಾರಪೇಟೆಗೆ ಹೋಗುತ್ತಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ಇವತ್ತಾದರೂ ಎರಡು ತುತ್ತು ತಿನ್ನು.

ನಿನ್ನ ತಮ್ಮ ವೆಂಕಿ ಅದರ ನಕಲನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾನೆ. "ಎಲ್ಲಾರ್ಗೂ ಬಿಡಾನ ಮಾವಾ, ಗುದ್ದಿ ಓಡೋದ ಲಾರಿಯೋನು ಅದೆಂಗೆ ಸಿಕ್ಕಲ್ಲ ನೋಡಾನ" ಎನ್ನುತ್ತಾನೆ. ನಿನ್ನೆದುರಿಗೇ ಅಳಿಸಲು ಹೇಳು. ಚಿತ್ರ ಕಾಣದಿದ್ದರೂ ಮಾತೆಲ್ಲ ಕೇಳಿಸುತ್ತದೆ. ಅವತ್ತು ಕಾರಿನಲ್ಲಿ ಬಾಡಿಗೆಗೆ ಕುಳಿತಿದ್ದ ಹೆಣ್ಣುಮಗಳು ಗಂಡನ ಮನೆಯ ಕಷ್ಟವನ್ನು ಫೋನಿನಲ್ಲಿ ತಾಯಿಗೆ ಹೇಳಿಕೊಂಡು ಅಳುತ್ತಿದ್ದಾಳೆ. ಪಾಪ, ಅವಳಿನ್ನೂ ಆಸ್ಪತ್ರೆಯಲ್ಲಿದ್ದಾಳೆ. "ನಮ್ಗೆ, ಕೋರ್ಟಿಗೆ ಬಿಟ್ಟು ಇನ್ಯಾರ್ಗೂ ಕೊಡಬ್ಯಾಡಿ ಯಜಮಾನ್ರೇ, ನಿಮ್ಮೇಲೇ ಕೇಸಾಯ್ತದೆ" ಎಂದು ಠಾಣೆಯ ದಫೇದಾರರೂ ಹೇಳಿದ್ದಾರೆ. ಕೇಸಿನ ಭಯಕ್ಕಲ್ಲ, ಅವಳ ಮರ್ಯಾದೆಗಾಗಿ ಅಳಿಸಲಿ.

ಇನ್ನು ಆ ಕ್ಯಾಮೆರಾ ಮಾರಿದ ಆಂಡರ್ಸನ್‌ಪೇಟೆಯ ಅಂಗಡಿಯವನನ್ನು ಬಯ್ಯಬೇಡ. ಅವನು ಕೊಟ್ಟದ್ದು ಕಳಪೆ ಮಾಲಲ್ಲ. ಹೊಸ ವಸ್ತು ಪೂಜೆಯಿಲ್ಲದೆ ಹೊರಡಬಾರದೆಂದು, ಮಗ ಮುನಿರಾಜ ತೀರಿಕೊಂಡ ದಿನ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋಗಿದ್ದಾಗ, ನಾನೇ ಅದಕ್ಕೆ ಕುಂಕುಮವಿಟ್ಟೆ. ಅದರ ಹಣೆ ಯಾವುದೆಂದು ತಿಳಿಯದೆ ನಡುವಿನ ದುಂಡು ಗಾಜಿಗೆ ಇಟ್ಟೆ. ಚಿತ್ರದಲ್ಲಿ ಲಾರಿಯ ನಂಬರಿಲ್ಲ, ಕೆಂಪು ಮಾತ್ರ ಇದೆ. ನಿನ್ನ ಮುಖ ನೋಡಿ ಹೇಳಲಾಗಲಿಲ್ಲ. ಠಾಣೆಯಲ್ಲೂ ಇವತ್ತು ಇದನ್ನೇ ಹೇಳುತ್ತೇನೆ.

ಕುಂಕುಮದ ಬಟ್ಟಲು ನಿನ್ನ ಕೋಣೆಯ ಕಿಟಕಿಯಲ್ಲಿದೆ. ಯಾರು ಏನೇ ಅನ್ನಲಿ, ನೀನು ಹಣೆಗೆ ಇಟ್ಟುಕೋ. ದೇವರಿಗೂ ನೀನೇ ಇಡು. ನನ್ನ ಕೈಗೆ ಮಾತ್ರ ಆ ಬಟ್ಟಲನ್ನು ಇನ್ನು ಕೊಡಬೇಡ.

ನಿನ್ನ ಮಾವ