ಮಚ್ಚೆಯನ್ನೂ ಒರೆಸಿದವರಿಗೆ

ಫೋಟೋ ಸ್ಟುಡಿಯೋ ಮಾಲೀಕರೇ,

ಮಾದರಿಗೆಂದು ನೀವು ಗಾಜಿನ ಕಪಾಟಿನಲ್ಲಿ ತೂಗುಹಾಕಿದ್ದ ನನ್ನ ಫೋಟೋವನ್ನು ಕದ್ದ ಮಹಾಪಾತಕಿ ನಾನೇ. ಮೊಡವೆ ಒರೆಸುವ ಭರದಲ್ಲಿ ಹುಟ್ಟುಮಚ್ಚೆಯನ್ನೂ ಒರೆಸಿ, ನನ್ನ ಮುಖವನ್ನು ಸುಲಿದ ಮೊಟ್ಟೆ ಮಾಡಿದ್ದೀರಿ. ಅದೇ ಫೋಟೋ ಅಂಟಿಸಿದ ಕಚೇರಿಯ ಗುರುತಿನ ಚೀಟಿ ನೋಡಿ ಗೇಟಿನ ಕಾವಲುಗಾರ, "ತಮ್ಮನ ಕಾರ್ಡು ತಂದುಬಿಟ್ಟಿದ್ದೀರಲ್ಲ ಸಾರ್! ಅವರು ನೋಡೋಕೆ ಚೆನ್ನಾಗಿದ್ದಾರೆ ಬಿಡಿ" ಎಂದು ಹಲ್ಲು ಕಿರಿದ.

ಸುಣ್ಣ ಬಳಿಯಲು ನಿಮಗೆ ಗೋಡೆ ಸಿಗಲಿಲ್ಲವೇ? ಮೊಡವೆಗೆ ನಾನೆಂದೂ ನಾಚಿದವನಲ್ಲ. ಬೇಕಾದರೆ ಕನ್ನಡಿಯೇ ಕಣ್ಣು ತಗ್ಗಿಸಲಿ.

ಶನಿವಾರ ಬರುತ್ತೇನೆ, ಹೊಸ ಫೋಟೋ ತೆಗೆಯಿರಿ. ಕಾವಲುಗಾರನಿಗೆ ಗುರುತು ಸಿಗುವಂತೆ ಮಚ್ಚೆ ಅಲ್ಲೇ ಇರಲಿ. ಹರಿದು ಹಾಕಲೆಂದೇ ಕದ್ದ ಫೋಟೋ ಇನ್ನೂ ಪರ್ಸಿನಲ್ಲಿದೆ, ದಿನಾ ತೆಗೆದು ನೋಡುತ್ತೇನೆ. ಆದ್ದರಿಂದ ಮೊಡವೆಗಳನ್ನು ಮಾತ್ರ, ದಯವಿಟ್ಟು, ಈ ಸಲವೂ ಒಂದೂ ಬಿಡದೆ ಒರೆಸಿಬಿಡಿ.

ಇಂತಿ,
ತಮ್ಮನೇ ಇಲ್ಲದ ಅಣ್ಣ