ಬಳಿ ಕೇಳದೆ ಹೋದವರು

ರೈಟರ್ ಕ್ವಾರ್ಟರ್ಸ್, ಸಿದ್ದಾಪುರ
13 ನವೆಂಬರ್ 2025, ಗುರುವಾರ

ಪ್ರೀತಿಯ ಪೂಜಿ,

ಹೇಗಿದ್ದಿ ಮಗಳೇ? ಮೊಣಕಾಲಿನ ನೋವು ಕಡಿಮೆಯಾಯಿತೇ? ಮೊನ್ನೆಯ ಆಟದಲ್ಲಿ ನೀನು ಆ ತುದಿಯಿಂದ ಈ ತುದಿಗೆ ಓಡುವುದನ್ನು ಮಾನಸಳ ಫೋನಿನಲ್ಲಿ ನೋಡಿದೆ, ಎಡಗಾಲನ್ನು ಸ್ವಲ್ಪ ಎಳೆದ ಹಾಗೆ ಕಂಡಿತು. ನಿನ್ನ ತಂಗಿ, ಅದು ನೆಟ್‌ವರ್ಕ್ ಸಿಕ್ಕಿಕೊಂಡದ್ದು, ಅಕ್ಕನ ಕಾಲಲ್ಲ ಎಂದು ನನ್ನನ್ನು ಗೇಲಿ ಮಾಡಿದಳು. ಇರಲಿ, ರಾತ್ರಿ ಬಿಸಿನೀರಿನ ಶಾಖ ಕೊಟ್ಟುಕೋ. ನಾವು ಚೆನ್ನಾಗಿದ್ದೇವೆ. ಅರೇಬಿಕಾ ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾಗಿದೆ, ತೋಟದ ಲೆಕ್ಕ ಬರೆದು ಬರೆದು ಅಪ್ಪನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವ ಅವ್ವ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಟೂರ್ನಿ ಮುಗಿಯುವ ತನಕ ನಿಮ್ಮಂಥ ರೆಫರಿಗಳ ಫೋನೆಲ್ಲ ಆಟ ನಡೆಸುವವರೇ ಇಟ್ಟುಕೊಳ್ಳುತ್ತಾರಂತಲ್ಲ. ನಿನ್ನೆ ನಿಮ್ಮ ಹೋಟೆಲಿಗೇ ಫೋನ್ ಮಾಡಿಸಿದೆ. ರೆಫರಿಗಳಿಗೆ ಲೈನ್ ಕೊಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿ ಇಟ್ಟುಬಿಟ್ಟರು. ನಮ್ಮ ಶೀಬಾ ಸಿಸ್ಟರ್ ರಜೆ ಮುಗಿಸಿ ನೀನಿರುವ ದ್ವೀಪದ ಆಸ್ಪತ್ರೆಗೆ ವಾಪಸ್ ಹೊರಟಿದ್ದಾಳೆ. ಇವತ್ತು ಸಂಜೆ ಕಣ್ಣೂರಿಗೆ ಹೋಗಿ ನಾಳೆ ವಿಮಾನ ಹತ್ತುತ್ತಾಳೆ. ಶನಿವಾರದೊಳಗೆ ಇದನ್ನು ನಿನ್ನ ಕೈಗೇ ಕೊಡುತ್ತೇನೆ, ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ.

ಭಾನುವಾರದ ಫೈನಲ್‌ಗೆ ನೀನೇ ಮುಖ್ಯ ರೆಫರಿ ಎಂದು ಪಟ್ಟಿ ಬಂದದ್ದನ್ನು ಮಾನಸ ಓದಿ ಹೇಳಿದಳು. ಊರಿಗೆ ಊರೇ ಹಾಕಿ ಕೋಲು ಹಿಡಿದು ಓಡುವಾಗ ನೀನೊಬ್ಬಳು ಹಾಸ್ಟೆಲಿನ ಬುಟ್ಟಿಗೆ ಚೆಂಡು ಹಾಕುತ್ತಾ ನಿಂತವಳು. ಆಟ ಬಿಟ್ಟು ವಿಸಿಲ್ ಕೈಗೆ ತೆಗೆದುಕೊಂಡಾಗ ನಾನೇ ಎಷ್ಟು ಬೈದಿದ್ದೆ. ಈಗ ಕೂಲಿ ಲೈನಿನ ಮಾದಿ ಕೂಡ, ನಿಮ್ಮ ಮಗಳು ಕೈ ಎತ್ತಿದರೆ ಹೊರದೇಶದವರೆಲ್ಲ ನಿಂತುಬಿಡುತ್ತಾರಂತೆ ಎಂದು ಬಂದು ಕೇಳುತ್ತಾಳೆ. ನನಗೆ ಹೊಟ್ಟೆ ತುಂಬಾ ಹೆಮ್ಮೆ ಪೂಜಿ. ಆಡಲು ಬಂದ ದ್ವೀಪಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಅಂಗಿಯ ಬಣ್ಣದಲ್ಲಿ ಗುರುತಿಟ್ಟುಕೊಂಡಿದ್ದೇನೆ. ನಮ್ಮ ಕೊಡಗಿಗಿಂತ ಚಿಕ್ಕ ದೇಶಗಳಂತೆ, ಹುಡುಗಿಯರು ಮಾತ್ರ ಒಬ್ಬೊಬ್ಬಳೂ ತೋಟದ ಸಿಲ್ವರ್ ಮರದಷ್ಟು ಉದ್ದ. ಫೈನಲ್ ಹಳದಿಯವರಿಗೂ ನೀಲಿಯವರಿಗೂ ಎಂದಳು ಮಾನಸ. ಈ ಟೂರ್ನಿಯೊಂದನ್ನು ಕಪ್ಪುಚುಕ್ಕೆಯಿಲ್ಲದೆ ಮುಗಿಸಿದರೆ ಮುಂದೆ ದೊಡ್ಡ ಟೂರ್ನಿಗಳಿಗೆ ಕರೆಯುತ್ತಾರೆ ಎಂದು ನೀನೇ ಹೇಳಿದ್ದೆ. ಅದಕ್ಕೇ ನನ್ನ ಮನಸ್ಸಿನಲ್ಲಿರುವುದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ.

ಕಳೆದ ಭಾನುವಾರ ಇಬ್ಬರು ಬಂದರು. ಬಿಳಿ ಕಾರು. ಒಬ್ಬರು ವಯಸ್ಸಾದವರು, ಚಿನ್ನದ ಫ್ರೇಮಿನ ಕನ್ನಡಕ, ಮಾತು ಬೆಣ್ಣೆ. ಇನ್ನೊಬ್ಬ ಗಡ್ಡ ಬಿಟ್ಟ ಹುಡುಗ, ಎತ್ತರದ ಆಳು, ನಿನ್ನ ಪಕ್ಕ ನಿಲ್ಲಿಸಿದರೆ ಸರಿಯಾಗುತ್ತದೆ ಎಂದು ನನಗೆ ಕಂಡ ಕೂಡಲೇ ಅನ್ನಿಸಿತು. ನಗಬೇಡ. ಗೋಣಿಕೊಪ್ಪದಲ್ಲಿ ಮೆಣಸಿನ ವ್ಯಾಪಾರ, ಈ ದಾರಿಯಲ್ಲಿ ಹೋಗುತ್ತಿದ್ದೆವು ಎಂದರು. ನಮ್ಮಲ್ಲಿ ಹೆಣ್ಣು ಕೇಳಲು ಬರುವವರು ಮೊದಲ ಸಲವೇ ಬಾಯಿ ಬಿಟ್ಟು ಹೇಳುತ್ತಾರೆಯೇ? ದಾರಿಯಲ್ಲಿ ಹೋಗುತ್ತಿದ್ದೆವು ಎನ್ನುತ್ತಾರೆ, ಮೆಣಸಿನ ರೇಟು ಮಾತಾಡುತ್ತಾರೆ, ಆಮೇಲೆ ಮಕ್ಕಳೆಷ್ಟು ಎನ್ನುತ್ತಾರೆ. ಯಾಕೆ ಬಂದಿರಿ ಎಂದು ನಾವು ಕೇಳುವುದು ಮರ್ಯಾದೆಯಲ್ಲ. ಇವರೂ ಹಾಗೆಯೇ ಮಾಡಿದರು. ಅಪ್ಪ ತೋಟದಲ್ಲಿದ್ದರು. ನಾನು ಕಾಫಿ ಕೊಟ್ಟು, ನೀನು ಆಡಿ ಗೆದ್ದ ಕಪ್ಪುಗಳನ್ನೆಲ್ಲ ತೋರಿಸಿದೆ. ಅವರು ಕೇಳಿದ್ದಕ್ಕೆಲ್ಲ ಬಾಯ್ತುಂಬಾ ಹೇಳಿದೆ. ಯಾವ ಹೋಟೆಲು, ಜೊತೆಗೆ ಯಾರು, ಯಾವ ಕಾಲು ನೋವು, ಸಿಟ್ಟು ಬಂದರೆ ಹೇಗಿರುತ್ತಾಳೆ. ಹುಡುಗಿಯ ತಂಗಿ ಏನು ಓದುತ್ತಾಳೆ ಎಂದರು. ಪೊನ್ನಂಪೇಟೆಯಲ್ಲಿ ಓದುತ್ತಾಳೆ, ಸಂಜೆ ಪಾಲಿಬೆಟ್ಟದ ಬಸ್ಸಿನಲ್ಲಿ ಬರುತ್ತಾಳೆ, ದಾರಿಯಲ್ಲಿ ಆನೆ ನಿಂತರೆ ತಡವಾಗುತ್ತದೆ ಎಂದೆ. ಸಂಬಂಧ ಮಾಡುವವರಲ್ಲವೇ, ಕೇಳಬೇಕಾದ್ದೇ ಎಂದುಕೊಂಡೆ. ಹೊರಡುವಾಗ ಒಂದು ರೇಷ್ಮೆ ಸೀರೆ ಕೈಗಿಟ್ಟರು. ಹೆಣ್ಣಿಗೆ ಎಂದರು. ಮಾತುಕತೆಗೆ ಮೊದಲೇ ಸೀರೆಯೇ ಎಂದು ಒಂದು ಗಳಿಗೆ ಅನ್ನಿಸಿತು, ಆದರೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕನ್ನಡಕದವರು, “ತಗೊಂಡ್ರಲ್ಲ ಅಮ್ಮ, ಇನ್ನು ಮಾತು ಆಯ್ತು ಅಂತ ನಮ್ ಲೆಕ್ಕ” ಎಂದರು. ನಾನು ನಕ್ಕೆ ಪೂಜಿ. ನಿನ್ನ ಮದುವೆ ಗೊತ್ತಾದಷ್ಟೇ ಸಂತೋಷದಿಂದ ನಕ್ಕೆ.

ಅಪ್ಪ ಸಂಜೆ ಬಂದು ಎಲ್ಲ ಕೇಳಿದರು. ಸೀರೆಯನ್ನು ಮುಟ್ಟಲಿಲ್ಲ. ಯಾವ ಬಳಿಯವರು ಎಂದರು. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ಅದಕ್ಕೇ ಜಾತಕಕ್ಕಿಂತ ಮೊದಲು ನಮ್ಮವರು ಕೇಳುವುದು ಬಳಿಯನ್ನು. ಅವರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿದ್ದರು. ಅಪ್ಪ ಚಪ್ಪಲಿ ಕೂಡ ಬಿಚ್ಚದೆ ನಿಂತಲ್ಲೇ, “ಗೂಡೆ ಕೇಳಿಕೆ ಬಂದವು ಬಳಿ ಕೇಳದೆ ಹೋದವೆನಾ, ನೀಲಾ?” ಎಂದರು. ಹೆಣ್ಣು ಕೇಳಲು ಬಂದವರೇ, ಆದರೆ ಈಗಿನ ಕಾಲದವರು, ಪಟ್ಟಣ ಸೇರಿದವರು, ಅದೆಲ್ಲ ಮರೆತಿರುತ್ತಾರೆ ಎಂದು ನಾನು ಜಗಳಕ್ಕೇ ನಿಂತೆ. ಹೆಣ್ಣು ಹೆತ್ತವಳಿಗೆ ಒಳ್ಳೆಯ ಸಂಬಂಧ ಬಂತು ಎಂಬ ಆಸೆ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಮಾನಸಳಿಗೂ ಹೇಳಿಬಿಟ್ಟಿದ್ದೆ. ಅವಳು ಆಗಲೇ ಭಾವ, ಭಾವ ಎಂದು ಕುಣಿಯುತ್ತಿದ್ದಳು. ಮರುದಿನ ಅಪ್ಪ ಗೋಣಿಕೊಪ್ಪಕ್ಕೆ ಹೋಗಿ ಮೆಣಸಿನ ಮಂಡಿಯವರನ್ನೆಲ್ಲ ವಿಚಾರಿಸಿದರು. ಅಂಥವರು ಅಲ್ಲಿ ಯಾರೂ ಇಲ್ಲ. ಆಗಲೂ ನಾನು ಅಪ್ಪನಿಗೆ ಸರಿಯಾಗಿ ವಿಚಾರಿಸಲು ಬರುವುದಿಲ್ಲ ಎಂದೇ ಸಾಧಿಸಿದೆ.

ಮಂಗಳವಾರ ನಿನ್ನ ಆಟ ನೋಡುತ್ತಾ ಕುಳಿತಿದ್ದೆವು. ಸ್ಕೋರ್ ಬರೆಯುವವರ ಮೇಜಿನ ಹಿಂದೆ ಜನ ಕುಳಿತಿರುತ್ತಾರಲ್ಲ, ಅಲ್ಲಿ ಮೊದಲ ಸಾಲಿನಲ್ಲಿ ಆ ಗಡ್ಡದ ಹುಡುಗ ಇದ್ದ. ನನ್ನ ಕಣ್ಣಿಗೆ ಹಾಗೆ ಕಂಡದ್ದೇನೋ ಎಂದು ಮಾನಸಳಿಂದ ಚಿತ್ರ ನಿಲ್ಲಿಸಿ ದೊಡ್ಡದು ಮಾಡಿಸಿದೆ. ಅವನೇ. ನಮ್ಮ ಮನೆಯ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿದವನು. ಚೆಂಡು ಎಡಕ್ಕೆ ಹೋದರೆ ಎಲ್ಲರ ತಲೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಅವನು ಮಾತ್ರ ನಿನ್ನನ್ನೇ ನೋಡುತ್ತಿದ್ದ. ನೀನು ಅವನಿಗೆ ಬೆನ್ನು ಹಾಕಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದೆ. ಮಾನಸ, ನೋಡವ್ವಾ, ಭಾವ ಅಲ್ಲಿಯ ತನಕ ಹೋಗಿದ್ದಾರೆ, ಎಷ್ಟು ಪ್ರೀತಿ ಎಂದಳು. ನಾನು ಎದ್ದು ಬಾಗಿಲಿನ ಚಿಲಕ ಹಾಕಿ ಬಂದೆ. ತೋಟಕ್ಕೆ ಆನೆ ಬಂದರೆ ನಾಯಿ ಬೊಗಳುತ್ತದೆ, ಲೈನಿನವರು ಪಟಾಕಿ ಹೊಡೆಯುತ್ತಾರೆ, ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಇವರು ಬಂದಾಗ ನಾನೇ ಬಾಗಿಲು ತೆರೆದು ಚಾಪೆ ಹಾಸಿದೆ.

ನಿನ್ನೆ ಕನ್ನಡಕದವರ ಫೋನ್ ಬಂತು. ಕ್ಷೇಮ ಕೇಳಿದರು. ಫೈನಲ್ ನಿನ್ನದೇ ಎಂದು ತಿಳಿದು ಬಹಳ ಸಂತೋಷವಾಯಿತಂತೆ. ನಮ್ಮ ಹುಡುಗಿ ಹಠ ಮಾಡುವವಳೋ ಅಥವಾ ದೊಡ್ಡವರ ಮಾತು ಕೇಳುವವಳೋ ಎಂದು ಕೇಳಿದರು. ನಿಮ್ಮ ಬಳಿ ಯಾವುದು ಎಂದು ನಾನು ಧೈರ್ಯ ಮಾಡಿ ಕೇಳಿದೆ. ಅವರಿಗೆ ಆ ಮಾತೇ ಅರ್ಥವಾಗಲಿಲ್ಲ. ಯಾರ ಬಳಿ ಎಂದು ನನ್ನನ್ನೇ ಕೇಳಿ, ಅದೆಲ್ಲ ಆಮೇಲೆ ನೋಡೋಣ ಅಮ್ಮ ಎಂದು ಇಟ್ಟರು. ಅಪ್ಪನ ಮಾತೇ ಸರಿ. ಅವರಿಗೆ ಬೇಕಾದದ್ದು ನೀನಲ್ಲ, ನಿನ್ನ ವಿಸಿಲ್. ಆ ಹುಡುಗ ಹತ್ತಿರ ಬಂದು ಊರಿನವನೆಂದು ಪರಿಚಯ ಹೇಳಿದರೆ, ನಮ್ಮ ಮನೆಯ ವಿಷಯವೆಲ್ಲ ಹೇಳಿದರೆ, ನಂಬಬೇಡ. ಎಲ್ಲವನ್ನೂ ನಾನೇ ಹೇಳಿಕೊಟ್ಟದ್ದು. ಒಬ್ಬಳೇ ಹೊರಗೆ ಹೋಗಬೇಡ. ಯಾರು ಏನು ಕೊಟ್ಟರೂ ಕೈಚಾಚಬೇಡ, ನಿನ್ನ ಅವ್ವನ ಹಾಗೆ ಮಾಡಬೇಡ.

ಕಾವೇರಮ್ಮ ನಿನ್ನನ್ನು ಕಾಪಾಡಲಿ. ಅಪ್ಪನ ಆಶೀರ್ವಾದ. ನಿನ್ನ ಜೊತೆಯ ರೆಫರಿ ಹುಡುಗಿಗೂ ನಮ್ಮ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ನೀಲಾವತಿ

ಮತ್ತೆ: ಶೀಬಾಳ ಜೀಪು ಬಂದು ನಿಂತಿದೆ, ನಿಂತಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಮಾನಸ ಇವತ್ತು ಬಸ್ಸಿನಲ್ಲಿ ಬರಲಿಲ್ಲ. ಬಿಳಿ ಕಾರಿನಲ್ಲಿ ಬಂದಿಳಿದಳು, ನಗುತ್ತಾ, ಐಸ್‌ಕ್ರೀಮ್ ತಿನ್ನುತ್ತಾ. ಸಂಬಂಧ ಮುರಿಯಿತೆಂದರೆ ಅವಳಿಗೆ ಬೇಸರವಾಗುತ್ತದೆ ಎಂದು ಫೋನಿನ ವಿಷಯವನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ. ಭಾವನ ಕಡೆಯವರಲ್ಲವೇ ಎಂದು ಕರೆದ ಕೂಡಲೇ ಹತ್ತಿದ್ದಾಳೆ. ಕನ್ನಡಕದವರು ನಿನಗೆ ಹೇಳಿ ಕಳಿಸಿದ ಮಾತನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು: “ನೀಲಿಯವ್ರು ಗೆಲ್ಬೇಕು ಅಂತ ಅಕ್ಕಂಗೆ ಹೇಳು. ಭಾನುವಾರದ ತನಕ ನಿನ್ನ ಕರ್ಕೊಂಡು ಹೋಗೋದೂ ನಾವೇ, ಮನೆಗೆ ಬಿಡೋದೂ ನಾವೇ. ಆಮೇಲಿಂದು ಅಕ್ಕನ ಕೈಲಿದೆ.” ಅಪ್ಪ ಸ್ಟೇಷನ್ನಿಗೆ ಓಡಿದ್ದಾರೆ. ಹೋಗುವಾಗ, ಕಂಡದ್ದನ್ನೇ ಊದಲಿ ಎಂದು ಬರೆ ಎಂದರು. ಬರೆದಿದ್ದೇನೆ. ಆದರೆ ಅದು ಅಪ್ಪನ ಮಾತು. ನನ್ನ ಮಾತು ಬೇರೆ. ಈ ಕಾಗದವನ್ನು ನಿಮ್ಮ ಮೇಲಿನವರಿಗೆ ತೋರಿಸಿ, ಫೈನಲ್ ನನಗೆ ಬೇಡ ಎಂದುಬಿಡು. ನೀನು ಇಷ್ಟು ವರ್ಷ ಕಾದದ್ದನ್ನು ನಿನ್ನ ಅವ್ವನೇ ಕಸಿದುಕೊಳ್ಳುತ್ತಿದ್ದಾಳೆ, ಬೈದುಕೋ, ನನಗೆ ನೀವಿಬ್ಬರೂ ಬೇಕು. ಬೇಗ ಏನಾದರೂ ಮಾಡು ಪೂಜಿ. ನಾಳೆ ಬೆಳಿಗ್ಗೆ ಗೇಟಿಗೇ ಕಾರು ತರುತ್ತೇವೆ ಎಂದಿದ್ದಾರಂತೆ. ಇವಳು ಆಯ್ತು ಎಂದು ಹೇಳಿ ಬಂದಿದ್ದಾಳೆ.