ಕೋಣೆಗೆ ನಾಲ್ವರೆಂಬ ಸುಳ್ಳಿನಿಂದ ನಮ್ಮ ಬೀದಿಗೆ ಬಂದ ನೀರು

ಮಾನ್ಯ ನಗರ ಯೋಜನಾಧಿಕಾರಿಗಳೇ,

ಏಳು ತಿಂಗಳು, ತಮ್ಮ ಕಚೇರಿಗೆ ಹತ್ತೊಂಬತ್ತು ಸಲ ಅಲೆದಾಟ, ಸುಟ್ಟುಹೋದ ಎರಡು ಪಂಪು, ನನ್ನ ಅಕ್ಕನ ಎಡ ಮೊಣಕಾಲು: ಬೀದಿಗೆ ಸಾಕಾಗುವಷ್ಟು ನೀರು ಕೊಡಿ ಎಂದದ್ದಕ್ಕೆ ಈವರೆಗೆ ತಗುಲಿದ ವೆಚ್ಚವಿದು. ನೀರು ಮಾತ್ರ ಈಗಲೂ ದಿನ ಬಿಟ್ಟು ದಿನ, ಇಪ್ಪತ್ತೇ ನಿಮಿಷ.

ಈ ನಗರ ಒಂಬತ್ತು ಲಕ್ಷ ಜನರನ್ನಷ್ಟೇ ತಾಳುತ್ತದೆ ಎಂದು ತಾವು ಯೋಜನೆ ಬರೆದಿರಿ. ಒಳ್ಳೆಯದೇ. ಹೊಟ್ಟೆಗೂ ಒಂದು ಅಳತೆಯಿರುವಾಗ ಊರಿಗೆ ಬೇಡವೇ? ಆದರೆ ಅದಕ್ಕೆ ತಾವು ಹೂಡಿದ ಉಪಾಯ ನೋಡಿ: ಬಾಡಿಗೆ ಕೋಣೆಗೆ ನಾಲ್ವರು ಮಾತ್ರ, ಐದನೆಯವರು ಸಿಕ್ಕಿಬಿದ್ದರೆ ಕಟ್ಟಡಕ್ಕೆ ಬೀಗ. ಲಾಂಡ್ರಿ ನಡೆಸುತ್ತ ಹನ್ನೆರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟವನು ನಾನು. ಒಪ್ಪಿಕೊಳ್ಳುತ್ತೇನೆ, ಕೋಣೆಗೆ ಒಂಬತ್ತು ಜನರಿದ್ದರು. ಎರಡು ವರ್ಷದ ಹಿಂದೆ ಜನರನ್ನು ಎಣಿಸಲು ಬಂದ ದಿನ ಅರವತ್ತು ಜನರನ್ನು ತಾರಸಿಗೆ ಹತ್ತಿಸಿ, ಒಣಹಾಕಿದ ಆಸ್ಪತ್ರೆಯ ಬೆಡ್‌ಶೀಟುಗಳ ಹಿಂದೆ ನಿಲ್ಲಿಸಿದೆ. ಬೀದಿಯವರೆಲ್ಲ ಅದನ್ನೇ ಮಾಡಿದರು. ಎರಡು ಸಾವಿರ ಜನರ ಬೀದಿ ಸಂಜೆಯೊಳಗೆ ಒಂಬೈನೂರಕ್ಕಿಳಿಯಿತು. ತಮ್ಮ ಎಣಿಕೆದಾರರು ಚಹಾ ಕುಡಿದು, "ಎಷ್ಟು ಶಿಸ್ತಿನ ಬೀದಿ ರೀ ನಿಮ್ದು!" ಎಂದು ಹೊಗಳಿ ಹೋದರು. ತಲೆಯ ಮೇಲಿಂದ ಕೇಳಿಸಿದ್ದು ಬೆಡ್‌ಶೀಟುಗಳ ಕೆಮ್ಮೆಂದುಕೊಂಡರೇ?

ಒಂಬೈನೂರು ಜನಕ್ಕೆ ತಕ್ಕ ಕೊಳವೆ ಬಂತು. ನನ್ನ ಜಾಣತನ ನನ್ನ ಕುತ್ತಿಗೆಗೇ ಬಂತು.

ಹತ್ತೊಂಬತ್ತನೆಯ ಸಲ ಬಂದಾಗ ತಮ್ಮ ಗುಮಾಸ್ತರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದರು. "ಮುಂದಿನ ಎಣಿಕೆ ಇನ್ನು ಎಂಟು ವರ್ಷ ಬಿಟ್ಟು. ಈಗ ನಿಜ ಹೇಳಿದ್ರೆ ಬೀಗ, ಸುಮ್ನಿದ್ರೆ ನೀರಿಲ್ಲ. ಯಾವ್ದು ಬೇಕು ಹೇಳಿ, ಬರ್ಕೋತೀನಿ."

ಆ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿಸಿ ಮನೆಗೆ ಬಂದೆ.

ನನ್ನನ್ನು ಸಾಕಿ, ಲಾಂಡ್ರಿಯ ಮೊದಲ ಇಸ್ತ್ರಿ ಹಿಡಿದವಳು ಅಕ್ಕ. ನೀರು ಹತ್ತದ ಮೂರನೇ ಮಹಡಿಯ ತನ್ನ ಕೋಣೆಗೆ ಕೊಡ ಹೊರುವಾಗಲೇ ಜಾರಿ ಬಿದ್ದದ್ದು. "ಕೆಳಗಿನ ಕೋಣೆ ಖಾಲಿ ಮಾಡಿಸ್ತೀನಿ, ಇಲ್ಲೇ ಇರಕ್ಕ," ಎಂದೆ.

"ಆ ಒಂಬತ್ತು ಜನಾನ ಎಲ್ಲಿಗೆ ಅಟ್ತೀಯೋ? ಮತ್ತೆ ತಾರಸಿಗಾ?" ಎಂದಳು. "ನಾನು ಮಗಳ ಊರಿಗೆ ಹೋಗ್ತೀನಿ ಬಿಡು. ಒಬ್ಬಳು ಕಮ್ಮಿಯಾದ್ಲು ಅಂತ ನಿನ್ನ ಸಾಹೇಬ್ರಿಗೆ ಹೇಳು, ಖುಷಿಪಡ್ಲಿ."

ಶುಕ್ರವಾರ ಹೊರಟೇಹೋದಳು.

ಬೀಗದ ಬೆದರಿಕೆಯಿಲ್ಲದೆ ನಮ್ಮನ್ನೊಮ್ಮೆ ಎಣಿಸಿ. ಊರು ತಾಳದಿದ್ದರೆ ತಾಳದೆಂದು ಮುಖಕ್ಕೇ ಹೇಳಿ. ಹೆಚ್ಚಾದವರು ಯಾರೆಂಬುದನ್ನೂ ಹೇಳಿ: ಆಸ್ಪತ್ರೆಯ ಬೆಡ್‌ಶೀಟು ಒಗೆಯುವವರೋ, ಅದರ ಮೇಲೆ ಮಲಗುವವರೋ?

ಕೊನೆಗೆ ಯಾರಿಗೇನು ದಕ್ಕಿತೆಂದರೆ, ತಮಗೆ ಒಂಬತ್ತು ಲಕ್ಷ ಮೀರದ ನಗರ, ಕಾಗದದ ಮೇಲೆ. ನಮ್ಮ ಬೀದಿಗೆ ನೀರು ಮಾರುವ ಟ್ಯಾಂಕರಿನವನಿಗೆ ಎರಡನೆಯ ಟ್ಯಾಂಕರು. ನನಗೆ ಮೂರನೇ ಮಹಡಿಯಲ್ಲಿ ಒಂದು ಖಾಲಿ ಕೋಣೆ; ಅದನ್ನು ಕೇಳಿಕೊಂಡು ಶನಿವಾರ ಬೆಳಿಗ್ಗೆಯೇ ಆರು ಜನ ಬಂದರು.

ಇಂತಿ,
ಸುಳ್ಳು ಹೇಳಿಯೂ ಉದ್ಧಾರವಾಗದ
ಒಬ್ಬ ಲಾಂಡ್ರಿಯವನು